ಮಾಲಿನಿಯ ಆ ವರ್ಷದ ಸುದ್ದಿ

ಹೊನ್ನಾವರದ ಕಾಲೇಜಿನಲ್ಲಿ ಒಟ್ಟಿಗೆ ಬಿ.ಎ. ಮುಗಿಸಿದ ನಾವು ವರ್ಷಕ್ಕೊಮ್ಮೆ ಅಲ್ಲಿಯೇ ಸೇರುತ್ತೇವೆ. ಮೊದಮೊದಲು ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಸುದ್ದಿ ತಾವೇ ಹೇಳುತ್ತಿದ್ದೆವು. ಒಂದು ವರ್ಷ ಕುಮಟೆಯ ಸಂಜಯ ತನ್ನ ಹೊಸ ಮನೆಯ ಸುದ್ದಿ ತೆಗೆದು, ಪಾಯದಿಂದ ತಾರಸಿಗೆ ಬರುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಅಂದೇ ನನ್ನ ಹೆಂಡತಿ ಮಾಲಿನಿ ಒಂದು ನಿಯಮ ಮಾಡಿದಳು. ಅವಳೂ ನಮ್ಮ ತರಗತಿಯವಳೇ. ಯಾರೂ ತಮ್ಮ ಸುದ್ದಿಯನ್ನಾಗಲಿ, ತಮ್ಮ ಮನೆಯವರ ಸುದ್ದಿಯನ್ನಾಗಲಿ ತಾವು ಹೇಳಕೂಡದು. ಮನೆಗೊಂದರಂತೆ ಚೀಟಿ ಎತ್ತಬೇಕು. ಯಾರ ಹೆಸರು ಬರುವುದೋ ಅವರ ಮನೆಗೆ ವರ್ಷದೊಳಗೆ ಹೋಗಿ, ಚಾ ಕುಡಿದು, ಕಣ್ಣಾರೆ ನೋಡಿ ಬಂದು ಹೇಳಬೇಕು.

ಅಂದಿನಿಂದ ಸುದ್ದಿಗಳ ರೀತಿಯೇ ಬದಲಾಯಿತು. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತನಾದ ಮಾಬ್ಲೇಶ್ವರ ಈಗ ದಿನಾ ಬೆಳಿಗ್ಗೆ ಮೊಮ್ಮಗಳ ಜಡೆ ಹೆಣೆಯುತ್ತಾನೆಂಬುದು ಅವನು ತಾನಾಗಿ ಹೇಳುವ ಸುದ್ದಿಯಲ್ಲ.

ಕಳೆದ ಸಲ ಮಾಲಿನಿಗೆ ಕಾಗಾಲದ ಸುಕ್ರಿಯ ಚೀಟಿ ಬಂದಿತ್ತು. ಮಾಲಿನಿ ಅಲ್ಲಿಗೆ ಹೋಗುವ ಮೊದಲೇ, ಆಷಾಢದಲ್ಲಿ, ದೇವರು ಅವಳನ್ನು ಕರೆಸಿಕೊಂಡ. ಆಮೇಲೆ ನಾನು ಭಟ್ಕಳದ ಮನೆಯಿಂದ ಹೆಚ್ಚಾಗಿ ಹೊರಗೆ ಹೊರಡಲಿಲ್ಲ. ಬೆಳಿಗ್ಗೆ ಪೂಜೆ, ಸಂಜೆ ದೀಪ. ಯಾರಾದರೂ ಅವಳ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಸಂಜಯ ಫೋನು ಮಾಡಿ, ಸುಕ್ರಿಯ ಸುದ್ದಿ ತಪ್ಪಿಹೋಗುತ್ತದೆ, ಮಾಲಿನಿಯ ಬದಲಿಗೆ ನೀನು ಹೋಗಿ ಬಾ ಎಂದ. ಸಾವಿನ ವರ್ಷಾಂತಿಕವಾಗದೆ ಸಂಭ್ರಮಕ್ಕೆ ಹೋಗುವ ರೂಢಿ ನಮ್ಮಲ್ಲಿಲ್ಲ ಎಂದೆ. ಚಾ ಕುಡಿಯುವುದು ಸಂಭ್ರಮ ಹೇಗಾಗುತ್ತದೆ ಎಂದು ಕೇಳಿದ.

ಅವಳು ಮಾಡಬೇಕಿದ್ದ ಕೆಲಸ ಉಳಿಯಬಾರದೆಂದು ಒಪ್ಪಿದೆ. ಆದರೆ ನನ್ನ ಸಂಕಟ ಬೇರೆಯೇ ಇತ್ತು. ಮಾಲಿನಿಯ ಹೆಸರಿನ ಚೀಟಿ ಯಾರಿಗೆ ಬಂದಿತ್ತೋ ಅವರು ನಮ್ಮ ಮನೆಗೆ ಬಂದೇ ಇರಲಿಲ್ಲ. ದುಃಖ ಕೇಳಲು ಬಂದವರು ಬಹಳ ಮಂದಿ. ಸುದ್ದಿ ಕೇಳಲು ಒಬ್ಬರೂ ಇಲ್ಲ. ಅವಳು ಬಾಳಿದ ಕೊನೆಯ ತಿಂಗಳುಗಳೆಲ್ಲ ಸಭೆಯಲ್ಲಿ ಒಂದು ನಿಮಿಷದ ಮೌನವಾಗಿ ಮುಗಿದುಹೋಗುತ್ತವೆ. ಗೊತ್ತಿರುವವನು ನಾನೊಬ್ಬ, ನಿಯಮದ ಪ್ರಕಾರ ನಾನು ಬಾಯಿ ಬಿಡುವಂತಿಲ್ಲ.

ಸುಕ್ರಿ ಹಾಲಕ್ಕಿ ಒಕ್ಕಲಿಗರ ಮನೆಯವಳು, ಅವರ ಕೇರಿಯಲ್ಲಿ ಮೊದಲು ಬಿ.ಎ. ಮಾಡಿದವಳು, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ನಾನು ಹೋದಾಗ ಬಸಳೆ ಚಪ್ಪರಕ್ಕೆ ಬಳ್ಳಿ ಕಟ್ಟುತ್ತಿದ್ದಳು. ನಮ್ಮ ಮದುವೆಯಾದಂದಿನಿಂದ ನನ್ನನ್ನು ಭಾವ ಎನ್ನುತ್ತಾಳೆ. ಅಂಗಳದಲ್ಲಿ ಕೂರಿಸಿ ಚಾ ಕೊಟ್ಟಳು. ನಿನ್ನ ಸುದ್ದಿ ಹೇಳು ಎಂದೆ.

"ಮೊದ್ಲು ನೀವು ಮಾಲಿನಿದು ಹೇಳಿ, ಭಾವ," ಎಂದಳು.

ನಾನು ಏಳಲು ನೋಡಿದೆ. ಅವಳು ನನ್ನ ಕೈಯಲ್ಲಿದ್ದ ಲೋಟ ತೋರಿಸಿ, ಕುಡಿದು ಮುಗಿಸದೆ ಹೋಗುವಂತಿಲ್ಲ ಎಂದಳು.

"ಹ್ಯಾಂಗೆ ಹೋದ್ಲು ಅಂತ ಎಲ್ಲರೂ ಕೇಳಿರ್ತ್ರು. ನಂಗೆ ಅದು ಬ್ಯಾಡ. ಹ್ಯಾಂಗೆ ಇದ್ಲು, ಅದ್ ಹೇಳಿ."

ಹೀಗೆ ಯಾರೂ ಕೇಳಿರಲಿಲ್ಲ. ನಾನು ಹೇಳತೊಡಗಿದೆ. ಆ ವರ್ಷ ಮಾಲಿನಿ ಪಕ್ಕದ ನವಾಯತ ಮುಸ್ಲಿಮರ ಮನೆಯ ಹಿರಿಯಾಕೆಯಿಂದ ಉರ್ದು ಅಕ್ಷರ ಕಲಿತಳು. ಹುಟ್ಟಿದಂದಿನಿಂದ ನೋಡುವ ಪೇಟೆಯ ಬೋರ್ಡುಗಳನ್ನು ಓದಲಾರದೆ ಸಾಯುವುದೇ ಎಂದು ಅವಳ ಹಟ. ಆಮೇಲೆ ಪೇಟೆಗೆ ಹೋದರೆ ನಡೆಯುವುದು ಕಡಿಮೆ, ನಿಂತು ಓದುವುದು ಹೆಚ್ಚು. ಒಂದು ಚಪ್ಪಲಿ ಅಂಗಡಿಯ ಮುಂದೆ ಅಕ್ಷರ ಕೂಡಿಸುತ್ತ ನಿಂತವಳಿಗೆ ಅಂಗಡಿಯವ ಪಾಪವೆಂದು ಸ್ಟೂಲು ತಂದುಕೊಟ್ಟ. ಹೇಳುತ್ತ ಹೇಳುತ್ತ ನಾನು ನಕ್ಕೆ, ಆಮೇಲೆ ಅತ್ತೆ. ಸುಕ್ರಿ ಸಮಾಧಾನ ಹೇಳಲಿಲ್ಲ, ಬಳ್ಳಿ ಕಟ್ಟುತ್ತ ಕೇಳಿಸಿಕೊಂಡಳು.

ಬಳಿಕ ತನ್ನ ಸುದ್ದಿ ಹೇಳಿದಳು. ಮಗಳು ಧನ್ಯಾ ಕುಮಟೆಯಲ್ಲಿ ನರ್ಸು. ತಾನು ಕೇರಿಯ ಹುಡುಗಿಯರಿಗೆ ಮದುವೆ ಹಾಡು ಕಲಿಸುತ್ತಿದ್ದೇನೆ, ಶಿಕ್ಷಕಿಯ ಅಭ್ಯಾಸ ಬಿಡದೆ ಮೊದಲು ಬರೆಸುತ್ತೇನೆ, ಅಕ್ಕ ಗಂಗಿ ಬಂದು, ಹಾಡು ಬಾಯಲ್ಲಿರುವುದೋ ಪಾಟಿಯಲ್ಲೋ ಎಂದು ಬೈದು ಹೋಗುತ್ತಾಳೆ ಎಂದಳು.

ಸಭೆಯ ದಿನ ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಅಧ್ಯಕ್ಷನಾಗಿದ್ದ ಮಾಬ್ಲೇಶ್ವರ ಎದ್ದು, ಮೊದಲು ಮಾಲಿನಿಗಾಗಿ ಒಂದು ನಿಮಿಷ ಮೌನ ಎಂದ. ಆಗ ಗೇರುಸೊಪ್ಪದ ವಿನೋದ ತಲೆ ತಗ್ಗಿಸಿಕೊಂಡು ನಿಂತ. ಅವಳ ಚೀಟಿ ಬಂದದ್ದು ತನಗೆ, ಮಳೆಗಾಲ ಕಳೆಯಲೆಂದು ಕಾದೆ, ಅಷ್ಟರಲ್ಲಿ ಹೀಗಾಯಿತು ಎಂದ.

"ಹೋದವರ ಮನೆಗೆ ಹೋಗಿ ಎಂತ ಸುದ್ದಿ ಕೇಳೂದು ಅಂತ ಮಾಡ್ದೆ. ತಪ್ಪಾತು."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಎಲ್ಲರೂ ಮೌನಕ್ಕೆ ಏಳುತ್ತಿರುವಾಗ ಸುಕ್ರಿ ಮುಂದೆ ಬಂದಳು.

"ಮೌನ ಕಡೀಗೆ ಮಾಡುವ. ಮಾಲಿನಿ ಸುದ್ದಿ ನನ್ನ ಹತ್ರ ಇತ್ತು."

ನಿನಗೆ ಅವಳ ಚೀಟಿ ಬಂದಿಲ್ಲ, ಅವಳ ಮನೆಗೂ ನೀನು ಹೋಗಿಲ್ಲವಲ್ಲ ಎಂದು ಮಾಬ್ಲೇಶ್ವರ ತೊದಲಿದ.

"ನಾ ಹೋಗ್ಲಿಲ್ಲ. ಅವಳ ಮನೆಯೇ ನನ್ನ ಅಂಗಳಕ್ಕೆ ಬಂದು ಕೂತಿತ್ತು," ಎಂದು ಸುಕ್ರಿ ಹೇಳತೊಡಗಿದಳು.

ಅವಳು ಹೇಳಿದ್ದೆಲ್ಲ ನನ್ನ ಬಾಯಿಂದ ಹೋದದ್ದೇ. ಆದರೂ ಹೊಸದಾಗಿ ಕೇಳಿದಂತಿತ್ತು. ಸ್ಟೂಲಿನ ಮೇಲೆ ಕುಳಿತ ಮಾಲಿನಿ ಅಂಗಡಿಯವನಿಗೇ ಅವನ ಬೋರ್ಡು ಓದಿಸಿದಳೆಂದು ಸುಕ್ರಿ ಒಂದಿಷ್ಟು ಸೇರಿಸಿದಳು. ಅದು ನಡೆದದ್ದಲ್ಲ, ಆದರೆ ಮಾಲಿನಿ ಮಾಡದವಳಲ್ಲ. ಸಭೆಯೆಲ್ಲ ನಕ್ಕಿತು. ಅವಳು ಸತ್ತ ಮೇಲೆ ಅವಳ ಹೆಸರಿನಲ್ಲಿ ನಗು ಕೇಳಿದ್ದು ಅದೇ ಮೊದಲು. ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಸುಕ್ರಿ ಮುಗಿಸುತ್ತಿದ್ದಂತೆ ನಾನು ಅರಿಯದೆ ಎದ್ದು ನಿಂತಿದ್ದೆ. ಇನ್ನೂ ಒಂದಿದೆ ಎಂದೆ.

ಮಾಲಿನಿ ನನಗೂ ಮೊದಲ ಎರಡು ಅಕ್ಷರ ಕಲಿಸಿದ್ದಳು ಎಂದೆ. ಉಳಿದದ್ದನ್ನು ತಾನು ಹೇಳಿಕೊಡುತ್ತೇನೆಂದು ಪಕ್ಕದ ಮನೆಯಾಕೆ ಎರಡು ಸಲ ಕರೆದರು, ನಾನು ಬಾಗಿಲು ತೆರೆಯಲಿಲ್ಲ. ಸೋಮವಾರದಿಂದ ಹೋಗುತ್ತೇನೆ ಎಂದೆ.

ಮುಂದಿನ ಸಾಲಿನಿಂದ ಸಹಪಾಠಿ ಮಹಾಲಕ್ಷ್ಮೀ ಕಣ್ಣೊರೆಸಿಕೊಂಡು ತಿರುಗಿದಳು.

"ಅದು ನಿಮ್ಮ ಸುದ್ದಿ ಆತು. ಅದನ್ನ ಮುಂದಿನ ವರ್ಷ ಬೇರೆಯವ್ರು ಹೇಳ್ತ್ರು. ನೀವು ಕೂತ್ಕಳಿ."

ನಾನು ಕುಳಿತೆ.