ಒಂದೇ ಗೆರೆಯ ಪಿನ್ನು

ವಡಪಳನಿಯ ಆ ಡಬ್ಬಿಂಗ್ ಸ್ಟುಡಿಯೋದಲ್ಲಿ ಅಂದು ನನಗೆ ಮೊದಲ ದಿನ. ನಮ್ಮ ಕಸುಬಿನಲ್ಲಿ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕುತ್ತೇವೆ. ಇನ್ನೊಂದು ಕಿವಿ ನಮ್ಮ ದನಿಯನ್ನು ನಾವೇ ಕೇಳಿಕೊಳ್ಳಲು ಬೇಕು. ಮಿಕ್ಕವರೆಲ್ಲ ಎಡಗಿವಿಗೆ ಹಾಕಿದರೆ ನಾನು ಬಲಗಿವಿಗೆ. ಏನೂ ಕೇಳಿಸಲಿಲ್ಲ.

ಗಾಜಿನಾಚೆ ಕೂತಿದ್ದ ಇಂಜಿನಿಯರ್ ಇಳಂಪರಿದಿ ಸ್ಪೀಕರಿನಲ್ಲಿ ಗದರಿದ. "ಏನಕ್ಕಾ, ಕಿವೀಲಿ ಹತ್ತಿ ಇಟ್ಕೊಂಡು ಬಂದಿದ್ದೀರಾ? ಎಲ್ರಿಗೂ ಕೇಳ್ಸುತ್ತೆ, ನಿಮಗೊಬ್ರಿಗೇ ಇಲ್ಲ."

"ಬಾಯಿ ಮುಚ್ಕೊಂಡು ಒಳಗೆ ಬಾ."

ಗೊಣಗುತ್ತಾ ಬಂದ. ಹೆಡ್‌ಫೋನಿನ ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಹೊಂದಿಸುವ ಅಡಾಪ್ಟರನ್ನು ಕಿತ್ತು ಅವನ ಮೂಗಿನ ಮುಂದೆ ಹಿಡಿದೆ. ಅದರ ಪಿನ್ನಿನ ಮೇಲೆ ಒಂದೇ ಕಪ್ಪು ಗೆರೆ ಇತ್ತು.

"ಎರಡು ಕಿವಿಗೂ ಕೇಳ್ಬೇಕಂದ್ರೆ ಎರಡು ಗೆರೆ ಇರ್ಬೇಕು. ಇದು ಗಿಟಾರಿಗೆ ಹಾಕೋ ಜಾತೀದು. ಬಲಗಡೆ ಸತ್ತೇ ಹೋಗಿದೆ. ಯಾವಾಗಿಂದ ಇದೆ ಇದು?"

"ದೀಪಾವಳಿಯಿಂದ. ಯಾರೂ ಏನೂ ಅಂದಿಲ್ವಲ್ಲ?" ಎಂದು ನಕ್ಕ. "ನೀವೂ ಎಡಗಿವಿಗೆ ಹಾಕ್ಕೊಳ್ಳಿ, ಮುಗೀತು."

"ಪೊಂಗಲ್ ಆದ್ಮೇಲೆ ಇಲ್ಲಿ ಡಬ್ಬಿಂಗಿಗೆ ಬಂದಿದ್ದ ಮರಗದಮ್ಮನಿಗೆ ಕಿವುಡು ಅಂತ ಎಲ್ಲ ಸ್ಟುಡಿಯೋಗೂ ಫೋನ್ ಮಾಡಿ ಹೇಳಿದೋನು ನೀನೇ ಅಲ್ವೇನೋ? ಆಮೇಲೆ ಅವರನ್ನ ಒಬ್ರೂ ಕರೀಲಿಲ್ಲ. ನನಗೆ ಈ ಕೆಲಸ ಕಲಿಸಿದ್ದು ಅವರೇ. ಅವರು ಯಾವ ಕಿವಿಗೆ ಹಾಕ್ತಿದ್ರು, ಹೇಳು."

ಅವನ ಕೈ ತಾನಾಗಿಯೇ ಬಲಗಿವಿಗೆ ಹೋಯಿತು.