ಉರಿಯದ ಮುಲಾಮು

ಕೃಷ್ಣೆ ಉಕ್ಕಿ ತಂಗಡಗಿಯ ತಗ್ಗಿನ ಮನೆಗಳಿಗೆ ನುಗ್ಗಿದಾಗ ಅಲ್ಲಿಯ ಜನರನ್ನು ದಿಬ್ಬದ ಮೇಲಿನ ಶಾಲೆಗೆ ಸಾಗಿಸಿದ್ದರು. ಸುತ್ತ ಕಣ್ಣು ಹಾಯುವವರೆಗೂ ನೀರು. ಕೈ ತೊಳೆಯಲು ಮಾತ್ರ ಹನಿ ಶುದ್ಧ ನೀರಿಲ್ಲ. ಬೋರ್‌ವೆಲ್ ಮುಳುಗಿತ್ತು, ಟ್ಯಾಂಕರಿನ ನೀರು ಕುಡಿಯುವುದಕ್ಕೇ ಸಾಲುತ್ತಿರಲಿಲ್ಲ. ಕೆಸರುಗೈಯಲ್ಲೇ ಉಂಡು, ಉಣಿಸಿ, ಮಕ್ಕಳಿಗೆ ವಾಂತಿಭೇದಿ ಹತ್ತಿಕೊಂಡಿತು.

ಮುದ್ದೇಬಿಹಾಳದ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಮಾಲಾ ನೀರಿಲ್ಲದೆ ಕೈ ಶುಚಿ ಮಾಡಿಕೊಳ್ಳಲು ಸ್ಪಿರಿಟ್ ಬೆರೆಸಿದ ಜೆಲ್ ಮಾಡಿ ತಂದಳು. ಮೊದಲು ಕೈಯೊಡ್ಡಿದವಳು ಕಸ್ತೂರೆವ್ವ. ತಾಯಿಯಿಲ್ಲದ ಮೊಮ್ಮಗ ಸಂಗು ಆಕೆಯ ತೊಡೆಯ ಮೇಲಿದ್ದ. ಜೆಲ್ ತಾಗಿದ್ದೇ ತಡ, ಮುದುಕಿ ಚೀರಿದಳು.

"ಯವ್ವಾ! ಕೆಂಡ ಸುರದಂಗ ಆತಲ್ರಿ ಅಕ್ಕೋರ!"

ನೀರಲ್ಲಿ ನೆನೆದು ಬಿರಿದ ಕೈಗಳು. ಅಷ್ಟು ಉರಿದರೂ ಕೆಸರು ಹೋಗಿರಲಿಲ್ಲ. ಬೆರಳ ಸಂದಿಗೆ ಇನ್ನಷ್ಟು ಮೆತ್ತಿಕೊಂಡಿತ್ತು. ಅದನ್ನು ಕಂಡ ಉಳಿದ ಹೆಂಗಸರು ಸೆರಗಿನಲ್ಲಿ ಕೈ ಮುಚ್ಚಿಕೊಂಡರು.

ಮಾಲಾ ಲ್ಯಾಬಿಗೆ ಮರಳಿದಳು. ಸ್ಪಿರಿಟ್ ಬಿಟ್ಟು, ಗಾಯಕ್ಕೆ ಉರಿಯದ ಸೋಂಕುನಾಶಕ ತೆಗೆದುಕೊಂಡಳು. ಗ್ಲಿಸರಿನ್ ಹೆಚ್ಚಾದರೆ ಅಂಟು, ಕಡಿಮೆಯಾದರೆ ಚರ್ಮ ಬಿಗಿಯುತ್ತಿತ್ತು. ಪ್ರತಿ ಸಲ ತನ್ನ ಕೈಯನ್ನೇ ಕೆಸರಲ್ಲಿ ಅದ್ದಿ, ಹಚ್ಚಿ ನೋಡುವಳು. ಕೆಸರು ಹೋಗದು. ಅಷ್ಟರಲ್ಲಿ ಶಾಲೆಯಿಂದ ಆಶಾ ಕಾರ್ಯಕರ್ತೆ ಅಫ್ರೋಜ ಫೋನ್ ಮಾಡಿದಳು.

"ಅಕ್ಕಾರ, ಸಂಗೂಗೂ ಸುರು ಆಗೇತ್ರಿ. ರಸ್ತಾ ಮುಳಗೇತಿ, ದವಾಖಾನಿಗೆ ಒಯ್ಯಾಕ ಬೋಟ್ ಇನ್ನಾ ಬಂದಿಲ್ಲ. ಉಳದ ಹುಡುಗೂರಿಗೆ ಹತ್ತೂದ್ರೊಳಗ ಲಗೂನ ಏನರ ಮಾಡ್ರಿ!"

ಮಾಲಾ ಅಳುತ್ತಲೇ ಕಲಸಿದಳು. ಕೊನೆಗೆ ನುಣ್ಣನೆಯ ಪಿಷ್ಟದ ಪುಡಿ ಸೇರಿಸಿ ಉಜ್ಜಿದಾಗ, ಅದು ಒಣಗುತ್ತ ಕೆಸರನ್ನು ಹಿಡಿದುಕೊಂಡು ಪುಡಿಪುಡಿಯಾಗಿ ಉದುರಿತು.

ಮುಲಾಮನ್ನು ಡಬ್ಬಿಗಳಿಗೆ ತುಂಬಿಕೊಂಡು ಬೋಟಿನಿಂದ ಇಳಿದ ಮಾಲಾ ಶಾಲೆಯ ಪಡಸಾಲೆಗೆ ಬಂದಳು. ಕಸ್ತೂರೆವ್ವನ ತೊಡೆ ಬರಿದಾಗಿತ್ತು. ಬೋಟು ಬರುವ ಮೊದಲೇ ಸಂಗು ತೀರಿಕೊಂಡಿದ್ದ.

ಮಾಲಾ ಡಬ್ಬಿಗಳನ್ನು ಇಳಿಸಿ ಆಕೆಯ ಎದುರು ಕೂತಳು. "ತಡಾ ಮಾಡಿಬಿಟ್ಟೆ, ಯವ್ವಾ."

ಮುದುಕಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಡಬ್ಬಿಯ ಕಡೆ ನೋಡಿ ಕೇಳಿದಳು: "ಇದೂ ಉರಿತೈತೇನ್ರಿ?"

"ಇಲ್ಲ ಯವ್ವಾ."

"ಉರದ್ರೂ ಹಾಕ್ರಿ. ಒಳಗ ಮರೆವ್ವ ಜ್ವರಾ ಬಂದು ಮಲಗ್ಯಾಳ. ಆಕಿ ಕೂಸು ಹಸದ ಅಳಾಕತ್ತೇತಿ. ಅದಕ್ಕ ನಾನ ಉಣ್ಣಸಬೇಕು."

ಆಕೆಯ ಕೈಯಿಂದ ಕೆಸರು ಉದುರುವುದನ್ನು ನೋಡಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಕುಳಿತರು.

ಆಮೇಲೆ ಹೊಸದಾಗಿ ಹಾಸಿಗೆ ಹಿಡಿದ ಮಕ್ಕಳು ಕಡಿಮೆ. ನೆರೆ ಇಳಿಯುವವರೆಗೂ ಮಾಲಾ ಅಲ್ಲೇ ಉಳಿದಳು. ಮುಲಾಮು ಚಲೋ ಐತಿ ಎಂದು ಯಾರಾದರೂ ಹೊಗಳಿದರೆ ಮಾತ್ರ ತಡೆಯಲಾಗದೆ ಎದ್ದು ಹೊರಗೆ ಹೋಗುತ್ತಿದ್ದಳು.