ಬೆಂಕಿಯ ಬಗ್ಗೆ ವಿಕ್ಟೋರಿಯಾ ಹೇಳಿದ ಮಾತು

೧

ಸಾವಿನಿಂದ ಶುರು ಮಾಡಲೋ, ಕ್ವಿಜ್‌ನಿಂದಲೋ? ನಾಲ್ಕು ದಿನದಿಂದ ಇದೇ ತಲೆಬಿಸಿ. ಸಾವಿನಿಂದ ಶುರು ಮಾಡಿದರೆ ನೀವು ಕೂಡಲೇ ಮರುಗುತ್ತೀರಿ, ನನ್ನ ಕೆಲಸ ಹಗುರವಾಗುತ್ತದೆ. ಕ್ವಿಜ್‌ನಿಂದ ಶುರು ಮಾಡಿದರೆ ವಿಕ್ಟೋರಿಯಾ ಎಂಬ ನನ್ನ ಪಾತ್ರಕ್ಕೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಸಾವಿನಿಂದಲೇ ಹೊರಡೋಣ. (ನಾನೂ ಅಷ್ಟೇನೂ ಧೈರ್ಯವಂತನಲ್ಲ.)

೧, ಮತ್ತೊಮ್ಮೆ

ಒಮಾನಿನ ಅಲ್ ಗುಬ್ರಾದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಭೋಜರಾಜ, ಸ್ಪೇರ್ ಪಾರ್ಟ್ಸ್ ಅಂಗಡಿಯ ಮ್ಯಾನೇಜರು, ಮಂಗಳವಾರ ಬೆಳಿಗ್ಗೆ ಕಾರಿನ ಕೀಲಿ ಕೈಯಲ್ಲಿ ಹಿಡಿದಂತೆಯೇ ಕುಸಿದು ತೀರಿಕೊಂಡ. ಹೆಂಡತಿ ಹರಿಣಾಕ್ಷಿ, "ಊರಿಗೆ ಪೆಟ್ಟಿಗೆಯಲ್ಲಿ ಕಳಿಸುವುದು ಬೇಡ, ಇಲ್ಲಿಯೇ ಆಗಲಿ. ಇಲ್ಲಿ ನಮ್ಮವರ ಸ್ಮಶಾನ ಉಂಟಲ್ಲ" ಎಂದಳು. ಗುರುವಾರ ಆಸ್ಪತ್ರೆಯ ಶವಾಗಾರದ ಮುಂದೆ ಪರಿಚಯದವರೆಲ್ಲ ಸೇರಿದರು. ಆಂಬುಲೆನ್ಸ್ ಹೊರಡುವ ಹೊತ್ತಿಗೆ ಒಂಬತ್ತು ವರ್ಷದ ಮಗಳು ನಿಶ್ಮಿತಾ ಅದರ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಡೋಂಟ್ ಬರ್ನ್ ಹಿಮ್! ಪಪ್ಪ ಈಸ್ ಗುಡ್! ಪಪ್ಪ ಡಿಡ್ ನಥಿಂಗ್!"

ಬೆರಳು ಒಂದೊಂದಾಗಿ ಬಿಡಿಸಿ ಅವಳನ್ನು ಎತ್ತಿಕೊಂಡು ಹೋಗಬೇಕಾಯಿತು. ಪಾಪ, ಮಗು ಹೆದರಿದೆ ಎಂದರು ಎಲ್ಲರೂ. ಎದುರು ಫ್ಲ್ಯಾಟಿನ ವಿಕ್ಟೋರಿಯಾ ಮಾತ್ರ ಹಾಗೆನ್ನಲಿಲ್ಲ. ಕರ್ಚೀಫನ್ನು ಬಾಯಿಗೊತ್ತಿಕೊಂಡು ಜನರ ಹಿಂದಕ್ಕೆ ಸರಿದಳು.

(ಅಳುತ್ತಿದ್ದಾಳೆ ಎಂದುಕೊಂಡರು. ನಾನೂ ಹಾಗೆಯೇ ಬರೆದು ಮುಂದೆ ಹೋಗಬಹುದಿತ್ತು.)

೨

ಇನ್ನು ಕ್ವಿಜ್. ತಪ್ಪಿಸಿಕೊಂಡದ್ದು ಸಾಕು.

ವಿಕ್ಟೋರಿಯಾ ವಾರವಿಡೀ ಮಧ್ಯಾಹ್ನದ ತನಕ ಕ್ಲಿನಿಕ್ಕೊಂದರ ರಿಸೆಪ್ಷನ್‌ನಲ್ಲಿ ಕೂರುತ್ತಾಳೆ. ಇಲ್ಲಿನ ರಜಾದಿನವಾದ ಶುಕ್ರವಾರ ಚರ್ಚಿನಲ್ಲಿ ಮಕ್ಕಳಿಗೆ ಕ್ಯಾಟೆಕಿಸಂ ಎಂಬ ಧರ್ಮಪಾಠ. ಹದಿನಾಲ್ಕು ವರ್ಷದಿಂದ ಬೈಬಲ್ ಕ್ವಿಜ್‌ಗೆ ಅವಳದೇ ಉಸ್ತುವಾರಿ. ಯಾವ ಪ್ರಶ್ನೆಗೂ ಒಂದೇ ಸಾಲಿನ ಉತ್ತರ ಅವಳ ನಾಲಗೆಯ ತುದಿಯಲ್ಲಿರುತ್ತದೆ. ಅವಳ ಹೆಮ್ಮೆಯೂ ಅದೇ, ರೋಗವೂ ಅದೇ.

ಭೋಜರಾಜ ಸಾಯುವ ಒಂಬತ್ತು ದಿನ ಮೊದಲು, ಅಮ್ಮ ಆಫೀಸಿನಿಂದ ಬರುವ ತನಕ ಎಂದಿನಂತೆ ವಿಕ್ಟೋರಿಯಾಳ ಮನೆಯಲ್ಲಿದ್ದ ನಿಶ್ಮಿತಾ, ಕ್ವಿಜ್‌ನ ಚೀಟಿಗಳನ್ನು ಕತ್ತರಿಸಿ ಕೊಡುತ್ತಿದ್ದಳು. ಒಂದು ಚೀಟಿಯಲ್ಲಿ ಆಕಾನನ ಹೆಸರಿತ್ತು. ಕೊಳ್ಳೆಯ ಮಾಲು ಕದ್ದು ಡೇರೆಯಲ್ಲಿ ಹೂತಿಟ್ಟವನು. ಜನ ಅವನನ್ನು ಕಲ್ಲೆಸೆದು ಕೊಂದು ಸುಟ್ಟರು.

"ಆಂಟಿ, ವೈ ಡಿಡ್ ದೇ ಬರ್ನ್ ಹಿಮ್? ನಮ್ಮಲ್ಲೂ ಸುಡ್ತಾರಲ್ವಾ?"

ವಿಕ್ಟೋರಿಯಾ ತಲೆ ಎತ್ತಲಿಲ್ಲ. "ನಮ್ಮ ಪುಸ್ತಕದಲ್ಲಿ ಸುಡುವುದು ದೇವರಿಗೆ ಸಿಟ್ಟು ಬರಿಸಿದವರನ್ನು ಪುಟ್ಟಾ. ಒಳ್ಳೆಯವರನ್ನು ಮಣ್ಣು ಮಾಡ್ತಾರೆ."

ಅಷ್ಟೇ. ಒಂದೇ ಸಾಲಿನ ಉತ್ತರ. ಮುಂದಿನ ಚೀಟಿಗೆ ಕೈ ಚಾಚಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

೩

(ಇಲ್ಲಿ ಲೋಬಾನದ ಹೊಗೆಯ ಮೇಲೊಂದು ಸುಂದರ ಪ್ಯಾರಾ ಇತ್ತು. ಒಮಾನಿನ ಕಥೆ, ಲೋಬಾನ ಇಲ್ಲದಿದ್ದರೆ ಹೇಗೆ? ಹೊಗೆಯ ಮರೆಯಲ್ಲಿ ವಿಕ್ಟೋರಿಯಾ ಕಾಣೆಯಾಗುತ್ತಿದ್ದಳು. ಅಳಿಸಿದ್ದೇನೆ.)

"ಎಂತ ಮಾರಾಯ್ರೆ ನೀವು!" ಎಂದಳು ವಿಕ್ಟೋರಿಯಾ ನನ್ನೊಡನೆ. "ಬೇಕೂಂತ ಹೇಳಿದ್ದಾ ನಾನು? ಆ ಮಗುವನ್ನು ಸಾಕಿದವಳು ನಾನು. ನನ್ನ ಹೆಸರಾದರೂ ಬದಲು ಮಾಡಿ."

"ಬದಲು ಮಾಡಿದರೆ ನಾಚಿಕೆ ಕಡಿಮೆ ಆಗ್ತದಾ?"

"ಆಗುವುದಿಲ್ಲ," ಎಂದಳು. "ನಾನು ಊಟಕ್ಕೆ ಕೂತರೂ ಆ ನಾಚಿಕೆ ನನ್ನ ಪಕ್ಕದಲ್ಲೇ ಕೂರ್ತದೆ."

ಹೆಸರು ಹಾಗೆಯೇ ಇದೆ.

೪

ಶವಸಂಸ್ಕಾರವಾಗಿ ಮೂರನೆಯ ದಿನ ಹರಿಣಾಕ್ಷಿ ಬಂದು ವಿಕ್ಟೋರಿಯಾಳ ಸೋಫಾದ ತುದಿಯಲ್ಲಿ ಕುಳಿತಳು. "ಇವಳು ಒಂದು ತುತ್ತು ತಿನ್ನುವುದಿಲ್ಲ ಅಕ್ಕ. ಪಪ್ಪ ಎಂತ ತಪ್ಪು ಮಾಡಿದ್ದು ಹೇಳು, ಹೇಳು ಅಂತ ಒಂದೇ ಹಟ. ಎಲ್ಲಿಂದ ಬಂತು ತಲೆಗೆ ಅಂತ ಗೊತ್ತಿಲ್ಲ. ನೀವು ಮಕ್ಕಳಿಗೆ ಪಾಠ ಮಾಡುವವರು. ಒಂದು ಸರ್ತಿ ಮಾತಾಡ್ತೀರಾ?"

ಅದು ತನ್ನ ಮಾತಿನಿಂದಲೇ ಬಂತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ವಿಕ್ಟೋರಿಯಾ, "ಬರ್ತೇನೆ" ಎಂದಷ್ಟೇ ಹೇಳಿದಳು. ಹರಿಣಾಕ್ಷಿ ಹೋದ ಮೇಲೆ ಬೈಬಲ್ ತೆರೆದಳು, ತಿಳಿಯದೆ ಅಲ್ಲ, ತಿಳಿದದ್ದನ್ನು ಹುಡುಕಲು.

ಸೌಲ ಅರಸ ಯುದ್ಧದಲ್ಲಿ ಸತ್ತಾಗ ಶತ್ರುಗಳು ಅವನ ಹೆಣವನ್ನು ಕೋಟೆ ಗೋಡೆಗೆ ನೇತುಹಾಕಿದ್ದರು. ಹಿಂದೊಮ್ಮೆ ಅವನೇ ಕಾಪಾಡಿದ್ದ ಯಾಬೇಷ್ ಊರಿನ ಗಂಡಸರು ಹೋಗಿ, ಅವನನ್ನೂ ಅವನ ಮಕ್ಕಳನ್ನೂ ಇಳಿಸಿ ತಂದು, ಸುಟ್ಟು, ಎಲುಬುಗಳನ್ನು ಮರದ ಬುಡದಲ್ಲಿ ಹೂಳಿ, ಏಳು ದಿನ ಉಪವಾಸವಿದ್ದರು. ಆಸ ಅರಸ ಸತ್ತಾಗ ಸುಗಂಧದ್ರವ್ಯಗಳ ದೊಡ್ಡ ಬೆಂಕಿ ಹಾಕಿದರು. ಯೆಹೋರಾಮ ಕೆಟ್ಟವನು, ಅವನಿಗೆ ಜನ ಬೆಂಕಿಯನ್ನೇ ಹಾಕಲಿಲ್ಲ. (ಅರಸರಿಗಾಗಿ ಸುಟ್ಟದ್ದು ಸುಗಂಧವನ್ನು, ದೇಹವನ್ನಲ್ಲ ಎನ್ನುವ ಪಂಡಿತರಿದ್ದಾರೆ. "ಅದು ಈಗ ಬೇಡ" ಎಂದಳು ವಿಕ್ಟೋರಿಯಾ. ಬೇಡ.) ಕ್ಯಾಥೊಲಿಕರು ಹೆಣ ಸುಡುವುದಕ್ಕೆ ಚರ್ಚೇ ಒಪ್ಪಿಗೆ ಕೊಟ್ಟು ಅರವತ್ತು ವರ್ಷ ಕಳೆದಿದೆ. ಇದೆಲ್ಲವೂ ಅವಳಿಗೆ ಅಂದೂ ಗೊತ್ತಿತ್ತು. ಒಂದು ಸಾಲಿನಲ್ಲಿ ಹಿಡಿಯದ್ದರಿಂದ ಬಿಟ್ಟಿದ್ದಳು.

೫

ಎದುರು ಮನೆಗೆ ಹೋಗಿ ಬಹಳ ಚೆನ್ನಾಗಿ ಹೇಳಿದಳು. ಮಗು ಮೊಣಕಾಲು ತಬ್ಬಿಕೊಂಡು ಕೇಳಿತು.

"ಸೋ ದೇ ಲವ್ಡ್ ಸೌಲ್?"

"ತುಂಬಾ ಪುಟ್ಟಾ. ಪ್ರೀತಿ ಇದ್ದದ್ದಕ್ಕೇ ಅಷ್ಟು ದೂರ ಹೋದದ್ದು."

ನಿಶ್ಮಿತಾ ಯೋಚಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಹರಿಣಾಕ್ಷಿ ಅನ್ನದ ತಟ್ಟೆ ಹಿಡಿದು ನಿಂತಿದ್ದಳು.

"ಆಂಟಿ, ದೆನ್... ಆ ದಿವಸ ನೀವು ಹೇಳಿದ್ದು, ಐ ಅಂಡರ್‌ಸ್ಟುಡ್ ಇಟ್ ರಾಂಗ್?"

ವಿಕ್ಟೋರಿಯಾ ಮಗುವನ್ನು ನೋಡಿದಳು, ತಟ್ಟೆಯನ್ನು ನೋಡಿದಳು.

"ಹೌದು ಪುಟ್ಟಾ. ನೀನು ತಪ್ಪು ಅರ್ಥ ಮಾಡಿಕೊಂಡದ್ದು."

"ಸಾರಿ ಆಂಟಿ," ಎಂದಿತು ಮಗು. ತಾಯಿಯ ಕಡೆ ತಿರುಗಿ, "ಸಾರಿ ಅಮ್ಮ. ಎಲ್ಲರ ಎದುರು ಬೊಬ್ಬೆ ಹಾಕಿದೆ. ಮೈ ಮಿಸ್ಟೇಕ್."

ಆಮೇಲೆ ಊಟ ಮಾಡಿತು. ಹರಿಣಾಕ್ಷಿ ವಿಕ್ಟೋರಿಯಾಳ ಎರಡೂ ಕೈ ಹಿಡಿದುಕೊಂಡು, "ನೀವಿಲ್ಲದಿದ್ರೆ ನಾನೆಂತ ಮಾಡ್ತಿದ್ದೆ ಅಕ್ಕ?" ಎಂದಳು. ಆ ಕೈಗಳನ್ನು ಬಿಡಿಸಿಕೊಳ್ಳುವ ಧೈರ್ಯವೂ ವಿಕ್ಟೋರಿಯಾಳಿಗೆ ಇರಲಿಲ್ಲ.

(ಓದುಗರೇ, ಸೌಲನ ಭಾಗವನ್ನು ಅಷ್ಟು ಮುತುವರ್ಜಿಯಿಂದ ಬರೆದದ್ದು 'ನೀನು ತಪ್ಪು ಅರ್ಥ ಮಾಡಿಕೊಂಡದ್ದು' ಎಂಬ ಸಾಲನ್ನು ನೀವು ಗಮನಿಸದಿರಲಿ ಎಂದು. ನನಗೂ ನಾಚಿಕೆಯಿದೆ. ನನ್ನ ಪಾತ್ರ ಮಾಡಿದ್ದನ್ನೇ ನಾನೂ ಮಾಡಲು ಹೊರಟಿದ್ದೆ.)

೬, ಮುಕ್ತಾಯಗಳು

ಕ. ವಿಕ್ಟೋರಿಯಾ ಪಾದ್ರಿಯ ಬಳಿ ಪಾಪನಿವೇದನೆ ಮಾಡಿಕೊಂಡು ಹಗುರವಾಗುತ್ತಾಳೆ. ಇದು ಅವಳಿಗೆ ಹಿಡಿಸಿತು. ಆದರೆ ಪಾದ್ರಿ ಕೂತು ಕೇಳುವ ಆ ಜಾಲರಿಯ ಆಚೆ ನಿಶ್ಮಿತಾ ಇಲ್ಲ. ರದ್ದು.

ಖ. ಹದಿನೈದು ವರ್ಷ ಕಳೆಯುತ್ತದೆ. ಬೆಳೆದ ನಿಶ್ಮಿತಾ ತಾನೇ ನೆನಪಿಸಿಕೊಂಡು, ನಕ್ಕು ಕ್ಷಮಿಸುತ್ತಾಳೆ. ಅಂದರೆ ಆ ಕೆಲಸವೂ ಮಗುವಿನ ತಲೆಗೇ. ಅಷ್ಟು ವರ್ಷ ಮಗು ಆ ತಪ್ಪಿನ ಭಾರ ಹೊತ್ತುಕೊಂಡಿರಬೇಕು, ನನ್ನ ಕಥೆ ಚಂದವಾಗಿ ಮುಗಿಯಲಿಕ್ಕೆ. ರದ್ದು.

ಗ. "ಹೋಗಿ, ತಪ್ಪು ನಿಮ್ಮದು ಅಂತ ಹೇಳಿ," ಎಂದೆ ವಿಕ್ಟೋರಿಯಾಳಿಗೆ. "ನಾಲ್ಕು ಹೆಜ್ಜೆ. ಎದುರು ಬಾಗಿಲು."

"ನೀವು ಬರೀರಿ, ನಾನು ಹೋಗ್ತೇನೆ."

ಬರೆದೆ. ಹೋದಳು. ಬೆಲ್ ಒತ್ತಿದಳು. ಹರಿಣಾಕ್ಷಿ ತೆರೆಯಲಿ ಎಂದು ನಾವಿಬ್ಬರೂ ಹಾರೈಸಿದೆವು, ದೊಡ್ಡವರ ಹತ್ತಿರ ಸುತ್ತಿ ಬಳಸಿ ಹೇಳಬಹುದಲ್ಲ. ತೆರೆದದ್ದು ನಿಶ್ಮಿತಾ, ಸ್ಕೂಲ್ ಯೂನಿಫಾರ್ಮಿನಲ್ಲಿ. ಆಂಟಿಯ ಮುಖ ನೋಡಿ ಅವಳ ಮುಖ ಸಣ್ಣದಾಯಿತು.

"ಆಂಟಿ, ಡಿಡ್ ಐ ಡೂ ಸಮ್‌ಥಿಂಗ್ ರಾಂಗ್ ಅಗೇನ್?"

ಮುಂದಿನ ಸಾಲು ವಿಕ್ಟೋರಿಯಾಳದು. ನಾನು ಮೂರು ಬರೆದು ಮೂರನ್ನೂ ಅಳಿಸಿದೆ, ಮೂರೂ ನನ್ನ ಮಾತುಗಳಾಗಿದ್ದವು. ಅವಳ ಬಾಯಿ ತೆರೆದಿದೆ. ಬಾಗಿಲನ್ನು ಹಿಡಿದುಕೊಂಡು ಮಗು ಉತ್ತರಕ್ಕೆ ಕಾಯುತ್ತಿದೆ.